ಬೆಂಗಳೂರಿನ ಹೋಟೆಲುಗಳೂ ಬಡಿಸುವವನ ಕೂಲಿಯೂ

ಅಡಿಕೆಯ ಸುಗ್ಗಿ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡುವ ಕಾಲಕ್ಕೆ ನಮ್ಮ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಹಿರಿಯರು ಬೆಂಗಳೂರಿನಲ್ಲಿರುವ ಮಕ್ಕಳ ಮನೆಗೆ ಹೋಗಿ ಬರುವುದು ಈಗ ವಾಡಿಕೆಯಾಗಿದೆ. ಹಾಗೆ ಹೋದವರಿಗೆ ಅಲ್ಲಿ ಆಗುವ ಉಪಚಾರಗಳಲ್ಲಿ ಮುಖ್ಯವಾದುದು, ಭಾನುವಾರ ಒಲೆ ಹಚ್ಚದೆ ಮನೆಮಂದಿಯೆಲ್ಲರೂ ಹೋಟೆಲಿನಲ್ಲಿ ಊಟಮಾಡುವುದು. ನಮ್ಮ ಸ್ನೇಹಿತರಾದ ತೋಟಗಾರರೊಬ್ಬರು ಇತ್ತೀಚೆಗೆ ಹೀಗೆ ಹೋಗಿ ಬಂದು ತಿಳಿಸಿದ ಸಂಗತಿಯೊಂದು ಈ ಲೇಖನಕ್ಕೆ ಕಾರಣವಾಯಿತು.

ಹೋಟೆಲು ದೊಡ್ಡದು, ಅದರ ಹೆಸರು ಇಲ್ಲಿ ಬೇಕಾಗಿಲ್ಲ. ಊಟವು ರುಚಿಯಾಗಿಯೇ ಇತ್ತೆಂದು ಅವರು ಒಪ್ಪುತ್ತಾರೆ. ಆದರೆ ಕೊನೆಯಲ್ಲಿ ಬಂದ ಬಿಲ್ಲಿನಲ್ಲಿ, ಪದಾರ್ಥಗಳ ಬೆಲೆಯ ಕೆಳಗೆ, ಸರಕಾರದ ತೆರಿಗೆಯ ಮೇಲುಗಡೆ, ಸಣ್ಣ ಇಂಗ್ಲಿಷ್ ಅಕ್ಷರಗಳ ಇನ್ನೊಂದು ಸಾಲಿತ್ತು. ಮೊಮ್ಮಗಳು ಓದಿ, "ಸರ್ವಿಸ್ ಚಾರ್ಜ್ ಅಜ್ಜಾ, ನೂರಕ್ಕೆ ಹತ್ತು" ಎಂದಳು. ಹಿರಿಯರು ಬಡಿಸಿದ ಹುಡುಗನನ್ನು ಹತ್ತಿರ ಕರೆದು, "ಇದು ನಿನಗೆ ಬರುತ್ತದೆಯೇನಪ್ಪಾ?" ಎಂದು ಕೇಳಿದರು. ಹುಡುಗನು ಅಸ್ಸಾಮಿನ ಕಡೆಯವನು, ಕನ್ನಡ ಬಾರದು. ಮಗನು ಹಿಂದಿಯಲ್ಲಿ ಅದನ್ನೇ ಕೇಳಿದಾಗ ಅವನು ಗಲ್ಲಾದ ಕಡೆಗೆ ಒಮ್ಮೆ ನೋಡಿ, ಉತ್ತರ ಹೇಳದೆ, ಎಂಜಲು ತಟ್ಟೆಗಳನ್ನು ಎತ್ತಿಕೊಂಡು ಹೋದನು.

ಹೋಟೆಲಿನ ಊಟವನ್ನೇ ಹಳಿಯುವುದು ನಮ್ಮ ಉದ್ದೇಶವೆಂದು ವಾಚಕ ಮಹಾಶಯರು ಭಾವಿಸಬಾರದು. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗಲೂ ಹೋಟೆಲಿನಲ್ಲಿ ತಿಂದು ಬಂದ ಹುಡುಗನನ್ನು ಸ್ನಾನವಿಲ್ಲದೆ ಒಳಕ್ಕೆ ಸೇರಿಸದ ಅಜ್ಜಿಯರು ಇದ್ದರು. ಆ ಅಜ್ಜಿಯರ ಭಯವು ನಿರಾಧಾರವಾದುದಲ್ಲ. ಮಡಿಯು ಕಾಪಾಡಿಕೊಂಡು ಬಂದ ಪಂಕ್ತಿಯನ್ನು ಹೋಟೆಲು ಮುರಿಯುವುದೆಂದು ಅವರು ಬಲ್ಲವರಾಗಿದ್ದರು; ಅದು ಹಾಗೆಯೇ ಮುರಿಯಿತು; ಮುರಿದುದು ಒಳ್ಳೆಯದೇ ಆಯಿತು. ೧೯೨೪ರಲ್ಲಿ ಉಡುಪಿ ಸೀಮೆಯ ಮಯ್ಯ ಸಹೋದರರು ಬೆಂಗಳೂರಿನ ಲಾಲ್‌ಬಾಗಿನ ಸಮೀಪದಲ್ಲಿ ಆರಂಭಿಸಿದ ಉಪಾಹಾರ ಗೃಹಕ್ಕೆ ಇಟ್ಟ ಹೆಸರು 'ಬ್ರಾಹ್ಮಣ ಕಾಫಿ ಕ್ಲಬ್' ಎಂದು. ಅದೇ ಇಂದಿನ ಪ್ರಸಿದ್ಧವಾದ ಮಾವಳ್ಳಿ ಟಿಫಿನ್ ರೂಮ್. ಅಂದಿನ ಕಾಲದಲ್ಲಿ ಅಂತಹ ಹೆಸರು ಯಾರನ್ನೂ ಬೆರಗುಗೊಳಿಸುತ್ತಿರಲಿಲ್ಲ; ಒಂದೇ ಹೋಟೆಲಿನಲ್ಲಿ ಒಳಗಿನ ಕೋಣೆ ಕೆಲವರಿಗೆ, ಹೊರಗಿನ ಜಗುಲಿ ಉಳಿದವರಿಗೆ ಎಂಬ ಏರ್ಪಾಡುಗಳೂ ನಮ್ಮ ನಾಡಿನಲ್ಲಿ ಧಾರಾಳವಾಗಿದ್ದುವು. ೧೯೫೦ರ ಜನವರಿ ೨೬ರಂದು ಜಾರಿಗೆ ಬಂದ ಸಂವಿಧಾನದ ೧೫ನೆಯ ಅನುಚ್ಛೇದವು ಅಂಗಡಿ, ಹೋಟೆಲು, ಬಾವಿ, ಕೆರೆಗಳ ಹೆಸರನ್ನು ಎತ್ತಿ ಹೇಳಿ, ಜಾತಿಯ ಕಾರಣದಿಂದ ಯಾರನ್ನೂ ಅಲ್ಲಿ ತಡೆಯಕೂಡದೆಂದು ವಿಧಿಸಿತು. ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಅದಕ್ಕೆ ಶಿಕ್ಷೆಯನ್ನೂ ಗೊತ್ತುಮಾಡಿತು. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಹೋಟೆಲಿನ ಮಾತು ಬರಬೇಕಾಯಿತೆಂಬುದರಿಂದಲೇ ಊಟದ ಸ್ಥಳವು ಎಷ್ಟು ದೊಡ್ಡ ಪ್ರಶ್ನೆಯಾಗಿತ್ತೆಂದು ತಿಳಿಯಬಹುದು. ಇಂದು ಗಾಂಧಿ ಬಜಾರಿನಲ್ಲಿ ೧೯೪೩ರಿಂದ ನಡೆದು ಬಂದಿರುವ ವಿದ್ಯಾರ್ಥಿ ಭವನದಲ್ಲಿ ಮಸಾಲೆದೋಸೆಗಾಗಿ ಕಾದಿರುವವರನ್ನು ಯಾರೂ ಕುಲಗೋತ್ರ ಕೇಳುವುದಿಲ್ಲ; ಅಪರಿಚಿತರು ನಾಲ್ವರು ಒಂದೇ ಮೇಜಿಗೆ ಕುಳಿತು ತಿಂದು ಏಳುತ್ತಾರೆ. ನೂರು ಉಪನ್ಯಾಸಗಳಿಂದ ಆಗದುದನ್ನು ಒಂದು ದೋಸೆಯು ಮಾಡಿತು. ಹಳ್ಳಿಗಳ ಕೆಲವು ಚಹದಂಗಡಿಗಳಲ್ಲಿ ಈ ಕಾರ್ಯವು ಇನ್ನೂ ಪೂರ್ತಿಯಾಗಿಲ್ಲವೆಂಬುದನ್ನು ನಾವು ಮರೆತಿಲ್ಲ.

ಉಣ್ಣುವವನಿಗೆ ಹೀಗೆ ಸಮಾನತೆ ದೊರೆಯಿತು. ಬಡಿಸುವವನಿಗೆ ದೊರೆತುದೇನು? ನಮ್ಮ ಪಕ್ಕದ ಕರಾವಳಿಯ ಹುಡುಗರು ಒಂದು ಕಾಲದಲ್ಲಿ ಘಟ್ಟ ಹತ್ತಿ ಬಂದು, ಲೋಟ ತೊಳೆದು, ಮಾಣಿಯಾಗಿ, ಅಡಿಗೆಯವರಾಗಿ, ಕಡೆಗೆ ಮಾಲೀಕರಾದರು. ಬೆಂಗಳೂರು, ಮದರಾಸು, ಮುಂಬಯಿಗಳಲ್ಲಿ ಉಡುಪಿ ಹೋಟೆಲೆಂಬ ಹೆಸರು ನಿಂತಿರುವುದು ಅವರ ಬೆವರಿನ ಮೇಲೆ. ಮಾಣಿಗೆ ಮಾಲೀಕನ ಮನೆಯಲ್ಲಿಯೇ ಊಟ, ಅಲ್ಲಿಯೇ ನಿದ್ರೆ. ಸಂಬಳವು ಅಲ್ಪವಾದರೂ ಮುಂದೆ ತಾನೂ ಒಂದು ಅಂಗಡಿ ಇಡುವೆನೆಂಬ ಆಸೆಯಿತ್ತು. ಈಗ ಅಸ್ಸಾಮು, ಒಡಿಶಾಗಳಿಂದ ರೈಲು ಹತ್ತಿ ಬರುವ ಹುಡುಗನಿಗೆ ಆ ಆಸೆಯಾದರೂ ಇದೆಯೇ ಎಂಬುದು ನಮ್ಮ ಸಂಶಯ. ಹಸಿವು ಆಗ ಯಾವ ದಾರಿಯಲ್ಲಿ ಬಂತೋ ಈಗಲೂ ಅದೇ ದಾರಿಯಲ್ಲಿ ಬರುತ್ತಿದೆ. ದಾರಿಯು ಮಾತ್ರ ಉದ್ದವಾಗಿದೆ.

ಈ ಹುಡುಗನ ಹೆಸರನ್ನು ಮುಂದಿಟ್ಟುಕೊಂಡು ನೂರಕ್ಕೆ ಹತ್ತರಂತೆ ವಸೂಲು ಮಾಡುವುದು ನ್ಯಾಯವೇ? ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದವರು ೨೦೨೨ರ ಜುಲೈ ೪ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಯಾವ ಹೋಟೆಲೂ ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸಕೂಡದು, ಬೇರೆ ಹೆಸರಿನಿಂದಲೂ ಎತ್ತಕೂಡದು, ಕೊಡುವುದು ಬಿಡುವುದು ಗಿರಾಕಿಯ ಇಷ್ಟವೆಂದು ತಿಳಿಸತಕ್ಕದ್ದು ಎಂದು ಸ್ಪಷ್ಟವಾಗಿ ಹೇಳಿದರು. ಹೋಟೆಲು ಮಾಲೀಕರ ಸಂಘಗಳು ದೆಹಲಿಯ ಹೈಕೋರ್ಟಿಗೆ ಹೋದುವು; ೨೦೨೫ರ ಮಾರ್ಚ್ ೨೮ರಂದು ಆ ನ್ಯಾಯಾಲಯವು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಆದರೂ ಆ ಸಾಲು ನಮ್ಮ ಸ್ನೇಹಿತರ ಬಿಲ್ಲಿನಲ್ಲಿ ಇದ್ದಿತು.

ಮಾಲೀಕರ ಪಕ್ಷವನ್ನೂ ಕೇಳಬೇಕು. ಗಿರಾಕಿಯು ಕೈಯಲ್ಲಿಟ್ಟ ಇನಾಮು ಬಡಿಸಿದವನಿಗೆ ಮಾತ್ರ ಸೇರುತ್ತದೆ. ಒಳಗೆ ಹೊಗೆಯಲ್ಲಿ ಬೇಯುವ ಅಡಿಗೆಯವನಿಗೂ ಪಾತ್ರೆ ತಿಕ್ಕುವವಳಿಗೂ ಸಿಕ್ಕುವುದಿಲ್ಲ. ಶುಲ್ಕವಾದರೆ ಎಲ್ಲರಿಗೂ ಹಂಚಬಹುದು ಎಂದು ಅವರು ಹೇಳುತ್ತಾರೆ. ಮಾತು ಯೋಗ್ಯವಾದುದೇ. ಬಾಡಿಗೆ, ಎಣ್ಣೆ, ಗ್ಯಾಸುಗಳ ಬೆಲೆ ಏರಿರುವುದೂ ನಿಜ. ಬೆಲೆಯನ್ನು ಸರಕಾರವೇ ಕಟ್ಟುಮಾಡಿದರೆ ಏನಾಗುವುದೆಂಬುದನ್ನೂ ನಾವು ಕಂಡಿದ್ದೇವೆ: ೧೯೭೫ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಗೊತ್ತಾದ ಅಗ್ಗದ ಬೆಲೆಗೆ ಮಾರಲಾರದೆ ಅದೇ ಮಾವಳ್ಳಿಯ ಹೋಟೆಲು ಬಾಗಿಲು ಮುಚ್ಚಿ, ಹಿಟ್ಟಿನ ಮಿಶ್ರಣಗಳ ವ್ಯಾಪಾರಕ್ಕೆ ಇಳಿಯಿತು. ಆದುದರಿಂದ ಬೆಲೆ ಏರಿಸಬೇಡಿರೆಂದು ನಾವು ಹೇಳುವುದಿಲ್ಲ. ದೋಸೆಗೆ ಇನ್ನು ಹತ್ತು ರೂಪಾಯಿ ಬೇಕಾದರೆ ಫಲಕದ ಮೇಲೆ ದೋಸೆಯ ಮುಂದೆಯೇ ಬರೆಯಿರಿ. ಒಪ್ಪಿದವನು ಒಳಕ್ಕೆ ಬರುತ್ತಾನೆ, ಒಪ್ಪದವನು ಮುಂದಿನ ದರ್ಶಿನಿಯಲ್ಲಿ ನಿಂತು ತಿನ್ನುತ್ತಾನೆ. (೧೯೮೩ರಲ್ಲಿ ಜಯನಗರದಲ್ಲಿ ಮೊದಲಾದ ಈ ದರ್ಶಿನಿಗಳಲ್ಲಿ ತಟ್ಟೆಯನ್ನು ಗಿರಾಕಿಯೇ ಹೊರುವನಾದುದರಿಂದ ಸೇವೆಯ ಲೆಕ್ಕವೇ ಹುಟ್ಟುವುದಿಲ್ಲ.) ನೌಕರನ ಸಂಬಳವು ಮಾಲೀಕನ ಖರ್ಚು, ಅಕ್ಕಿಯ ಖರ್ಚಿನಂತೆ ಅದೂ ಬೆಲೆಯೊಳಗೆ ಅಡಗಿರತಕ್ಕದ್ದು. ಅಕ್ಕಿಯ ಶುಲ್ಕವೆಂದು ಪ್ರತ್ಯೇಕ ಸಾಲನ್ನು ಯಾರೂ ಬರೆಯುವುದಿಲ್ಲ.

ಸೇವೆ ಎಂಬ ಶಬ್ದದ ದುರುಪಯೋಗವು ಶೃಂಗೇರಿಯಲ್ಲಿ ಕುಳಿತು ಬರೆಯುವ ನಮ್ಮನ್ನು ವಿಶೇಷವಾಗಿ ನೋಯಿಸುತ್ತದೆ. ತುಂಗೆಯ ದಡದಲ್ಲಿ ಶಾರದಾಂಬೆಯ ದರ್ಶನಕ್ಕೆ ಬಂದ ಯಾತ್ರಿಕನಿಗೆ ಮಠದ ಭೋಜನಶಾಲೆಯಲ್ಲಿ ಉಚಿತವಾಗಿ ಅನ್ನ ಬಡಿಸುತ್ತಾರೆ. ಸೇವೆ ಮಾಡಿಸಬೇಕೆಂಬವನು ದರದ ಪಟ್ಟಿಯನ್ನು ನೋಡಿ, ಶಕ್ತಿಯಿದ್ದಷ್ಟಕ್ಕೆ ರಶೀತಿ ಬರೆಯಿಸುತ್ತಾನೆ. ಬರೆಯಿಸದವನಿಗೆ ಊಟವೇನೂ ತಪ್ಪುವುದಿಲ್ಲ. ಹೋಟೆಲು ಛತ್ರವಾಗಬೇಕೆಂದು ನಾವು ಕೇಳುವುದಿಲ್ಲ. ಅದು ವ್ಯಾಪಾರ, ಲಾಭವು ಅದರ ಧರ್ಮ. ಆದರೆ ಕೇಳದೆಯೇ ಕಿತ್ತುಕೊಂಡುದನ್ನು ಸೇವೆಯೆಂದು ಕರೆಯುವುದು ಯಾವ ಭಾಷೆಯ ಮರ್ಯಾದೆ?

ಭಾಷೆಯ ಮಾತು ಬಂದುದರಿಂದ ಇನ್ನೊಂದನ್ನು ಹೇಳಬೇಕು. ನಾಮಫಲಕಗಳಲ್ಲಿ ನೂರಕ್ಕೆ ಅರುವತ್ತು ಭಾಗ ಕನ್ನಡವಿರಬೇಕೆಂದು ೨೦೨೪ರಲ್ಲಿ ನಮ್ಮ ವಿಧಾನಮಂಡಲವು ಶಾಸನ ಮಾಡಿತು. ಬಾಗಿಲಿನ ಮೇಲೆ ಕನ್ನಡವು ಬಂತು. ಕೈಗೆ ಬರುವ ತಿಂಡಿಗಳ ಪಟ್ಟಿಯಲ್ಲಿಯೂ ಹಣ ಕೀಳುವ ಬಿಲ್ಲಿನಲ್ಲಿಯೂ ಅನೇಕ ಕಡೆ ಒಂದಕ್ಷರವಿಲ್ಲ. ಹೆಸರನ್ನು ಕನ್ನಡದಲ್ಲಿ ಓದಿ ಒಳಕ್ಕೆ ಬಂದವನು ಲೆಕ್ಕವನ್ನು ಇಂಗ್ಲಿಷಿನಲ್ಲಿ ತೀರಿಸಬೇಕು. ತೋಟದ ಲೆಕ್ಕವನ್ನು ಪೈಸೆ ಬಿಡದೆ ಇಡಬಲ್ಲ ನಮ್ಮ ಸ್ನೇಹಿತರು ಅಲ್ಲಿ ಮೊಮ್ಮಗಳ ಮುಖ ನೋಡಬೇಕಾಯಿತು.

ಬೆಂಗಳೂರಿಗೆ ಹೋಗುವ ನಮ್ಮವರು ಬಿಲ್ಲನ್ನು ಓದಿಸಿಕೊಳ್ಳಲಿ. ಆ ಸಾಲನ್ನು ತೆಗೆಯಿರೆಂದು ನಾಚಿಕೆಯಿಲ್ಲದೆ ಹೇಳಲಿ. ತೆಗೆಯದಿದ್ದರೆ ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಲಿ. ಹಾಗೆ ಉಳಿಸಿದ ಹಣವನ್ನೆಲ್ಲ ಜೇಬಿಗೆ ಹಾಕಿಕೊಂಡು ಹೊರಡದೆ, ಬಡಿಸಿದವನ ಕೈಯಲ್ಲಿಯೂ ಸ್ವಲ್ಪ ಇಡಲಿ. ಕಾರ್ಮಿಕ ಇಲಾಖೆಯ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವೇನೆಂದರೆ, ಈ ಶುಲ್ಕವನ್ನು ಎತ್ತುತ್ತಿರುವ ಹೋಟೆಲುಗಳ ಸಂಬಳದ ಪುಸ್ತಕಗಳನ್ನು ತರಿಸಿ, ವಸೂಲಾದುದರಲ್ಲಿ ಎಷ್ಟು ಭಾಗ ನೌಕರರಿಗೆ ಸೇರಿದೆಯೆಂದು ಪರಿಶೀಲಿಸಿ ಪ್ರಕಟಿಸಬೇಕು. ಹೋಟೆಲು ಮಾಲೀಕರು ತಮ್ಮ ಲೆಕ್ಕವನ್ನು ತಾವೇ ಬರೆದು ಕಳುಹಿಸುವುದಾದರೆ ಅದನ್ನು ಇದೇ ಪುಟದಲ್ಲಿ ಪ್ರಕಟಿಸಲು ನಾವು ಸಿದ್ಧರಾಗಿದ್ದೇವೆ.