ಕೃಷ್ಣದೇವರಾಯನನ್ನು ಬಿಡಿ, ನಿಮ್ಮ ಮಾತು ಹೇಳಿ

ಹೊಸಪೇಟೆಯಲ್ಲಿ ಡಿಟಿಪಿ ಅಂಗಡಿ ಇಟ್ಟ ನನ್ನಂಥವನ ಕಂಪ್ಯೂಟರಿನಲ್ಲಿ ಮೂರು ಚಿತ್ರ ಸದಾ ಸಿದ್ಧ ಇರಬೇಕು: ಕೃಷ್ಣದೇವರಾಯ, ಕಲ್ಲಿನ ರಥ, ವಿರೂಪಾಕ್ಷನ ಗೋಪುರ. ಲಾಡ್ಜಿನವರು ಬರಲಿ, ಸಿಮೆಂಟಿನವರು ಬರಲಿ, ಕೋಚಿಂಗ್ ಕ್ಲಾಸಿನವರು ಬರಲಿ, ಮೂರರಲ್ಲಿ ಒಂದು ಬೇಕೇ ಬೇಕು. ಕೆಳಗೆ ‘ಗುಣಮಟ್ಟವೇ ನಮ್ಮ ಗುರಿ’. ಹೆಸರು, ಮೊಬೈಲ್ ನಂಬರ್ ಬದಲಿಸಿದರೆ ಒಬ್ಬರ ಕರಪತ್ರ ಇನ್ನೊಬ್ಬರಿಗೆ ನಡೆದುಹೋಗುತ್ತದೆ. ಈಗ ಅದೇ ಸಾಲುಗಳು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೂ ಇನ್‌ಸ್ಟಾಗ್ರಾಮಿಗೂ ಏರಿವೆ. ನನ್ನ ಕೆಲಸವೇನೋ ಹಗುರ. ಅವರ ದುಡ್ಡು ಮಾತ್ರ ದಂಡ.

ಕಂಪ್ಲಿ ಕಡೆಯ ಅಕ್ಕಿ ವ್ಯಾಪಾರಿಯೊಬ್ಬರು ಕರಪತ್ರಕ್ಕೆಂದು ಬಂದವರು, ಪ್ರೂಫ್ ಬರುವಷ್ಟರಲ್ಲಿ ಡ್ಯಾಮಿನ ಮಾತು ತೆಗೆದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರದ ಮಾತು. “ನಾಟಿ ಮಾಡಿದ ಗದ್ದಿ ಹಸರಾಗಿದ್ವು. ಡ್ಯಾಮ್ ಖಾಲಿ ಆದ್ರ ಕಾಲ್ವಿಗೆ ನೀರು ಎಲ್ಲಿಂದ ಬರಬೇಕ್ರಿ? ರೈತರು ಕಾಲ್ವಿ ದಂಡಿಗೆ ಬಂದು ನೋಡಿ ನೋಡಿ ಹೋಗ್ತಿದ್ರು” ಎಂದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ನೀರು ನಿಲ್ಲಿಸಿದ ಮೇಲೆ ಉಳಿದ ಬೆಳೆಯ ಅಕ್ಕಿ ಅದು. “ಇದನ್ನೇ ಹಾಕೋಣ ಸಾರ್” ಎಂದೆ. ನಕ್ಕರು. “ಅದೆಲ್ಲ ಯಾಕ್ರಿ? ಅಪ್ಪಟ ಸೋನಾ ಮಸೂರಿ ಅಂತ ಹಾಕ್ರಿ ಸಾಕು.”

ಸಾಕಾಗುವುದಿಲ್ಲ. ಅಪ್ಪಟ ಸೋನಾ ಮಸೂರಿ ಎಂದು ಸಂತೆಯಲ್ಲಿ ಎಲ್ಲರೂ ಕೂಗುತ್ತಾರೆ. ಕಾಲುವೆ ದಂಡೆಯ ಆ ವಾರ ಇವರೊಬ್ಬರದೇ.

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಎಷ್ಟು ಬಾಳುತ್ತದೆ ಎಂಬುದಕ್ಕೆ ಹಂಪಿಯೇ ಸಾಕ್ಷಿ. 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಊರನ್ನು ಹೊಗಳಿದ್ದು ನಿಜ, ಆದರೆ ನನಗೆ ಹಿಡಿಸುವುದು ಆನೆಗೊಂದಿಯ ಹರಿಗೋಲಿನ ಭಾಗ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಹಿಡಿಯುವ ದುಂಡು ದೋಣಿ. ನೇರ ಹೋಗಲಾರದೆ ಗಿರಕಿ ಹೊಡೆಯುತ್ತಲೇ ಹೊಳೆ ದಾಟುತ್ತದೆ ಎಂದು ಬರೆದಿಟ್ಟ. ಐನೂರು ವರ್ಷದ ಮೇಲೂ ಓದಿದರೆ ತಲೆ ತಿರುಗುತ್ತದೆ.

ಸಂಡೂರಿನ ಲಂಬಾಣಿ ಕಸೂತಿಗೂ ಬೇಕಾದದ್ದು ಇಂಥ ಮಾತೇ; ಬಿರುದುಗಳ ಕೊರತೆಯಂತೂ ಅದಕ್ಕಿಲ್ಲ. 2010ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರ ಕೈಕೆಲಸದ 1,755 ವಸ್ತುಗಳು ಗಿನ್ನೆಸ್ ದಾಖಲೆ ಬರೆದವು. ಹೆಮ್ಮೆಯೇ. ಆದರೆ ಒಂದು ಚೀಲ ಕೈಗೆತ್ತಿಕೊಂಡು ಇಷ್ಟು ಬೆಲೆ ಯಾಕೆ ಎಂದು ಕೇಳುವವರಿಗೆ 1,755 ಉತ್ತರವಲ್ಲ. ಕನ್ನಡಿ ಚೂರಿನ ಮೇಲೆ ಮೊದಲು ಅಡ್ಡ ಉದ್ದ ದಾರ ಎಳೆದು ಬಿಗಿಯಬೇಕು, ಆಮೇಲೆ ಆ ದಾರವನ್ನೇ ಹಿಡಿದು ಸುತ್ತ ಹೊಲಿಯಬೇಕು. ಎಳೆ ಸಡಿಲಾದರೆ ಕನ್ನಡಿ ಉದುರುತ್ತದೆ. ಚೀಲದ ಮೇಲಿನ ಕನ್ನಡಿಗಳನ್ನು ಎಣಿಸಿದರೆ ಬೆಲೆ ತಾನೇ ತಿಳಿಯುತ್ತದೆ.

ಕಥೆ ಹೇಳಿ ಎಂದರೆ ಕೆಲವರು ಕಟ್ಟಲು ಶುರುಮಾಡುತ್ತಾರೆ. ‘ಅಜ್ಜನ ಕಾಲದ ರುಚಿ’ ಎಂಬ ಬೋರ್ಡಿನ ಬಣ್ಣವೇ ಆರಿರುವುದಿಲ್ಲ! ಅದಕ್ಕಿಂತ ಕೆಟ್ಟದ್ದು ‘ಬಡ ತಾಂಡಾದ ಹೆಣ್ಣುಮಕ್ಕಳಿಗೆ ನೆರವಾಗಿ’ ಎಂಬ ಸಾಲು. ಕಸೂತಿಯವಳು ಮಾರುತ್ತಿರುವುದು ಕೈಚಳಕ. ಕರುಣೆಯನ್ನು ಸೇರಿಸಿದವರು ನಾವು.

ಕಸೂತಿ ಮಾರುವವರಲ್ಲಿ ಒಂದು ಕೇಳಿಕೆ. ಚೀಲಕ್ಕೆ ಕಟ್ಟುವ ಚೀಟಿಯಲ್ಲಿ ಹೊಲಿದವಳ ಹೆಸರು ಹಾಕಿ, ಅವಳನ್ನು ಕೇಳಿಯೇ ಹಾಕಿ. ಅವಳಿಗೆ ಸಂದ ಕೂಲಿಯನ್ನೂ ಬರೆಯುವ ಧೈರ್ಯವಿದ್ದರೆ, ಆ ಚೀಟಿಯ ಡಿಸೈನ್ ನಾನು ಪುಕ್ಕಟೆ ಮಾಡಿಕೊಡುತ್ತೇನೆ.