ಗದರುವ ಮೊದಲು ಲೆಕ್ಕ ನೋಡಬೇಕಿತ್ತು



ಗಣಿತದ ಮೇಷ್ಟ್ರು ಕಂಪ್ಯೂಟರಿನ ಆದೇಶವೊಂದರ ಬಗ್ಗೆ ಬರೆಯಹೊರಟರೆ ನಿಮಗೆ ನಗು ಬರಬಹುದು. ನಿಮ್ಮಲ್ಲಿ ಹಲವರಿಗೆ ಅದು ನಿತ್ಯದ ಉದ್ಯೋಗ. ಆದರೂ ಬರೆಯುತ್ತೇನೆ, ಏಕೆಂದರೆ ಆ ಆದೇಶವನ್ನು ಅರಿಯದೆ ನಾನೊಬ್ಬ ಹುಡುಗನಿಗೆ ಅನ್ಯಾಯ ಮಾಡಿದೆ. ಅದರ ಹೆಸರು ‘ಎನ್‌ಎಫ್‌ಎಸ್‌ಸ್ಟ್ಯಾಟ್’.

ತಿಳಿಯದವರಿಗಾಗಿ ಎರಡು ಮಾತು. ಒಂದು ಕಂಪ್ಯೂಟರಿನಲ್ಲಿರುವ ಕಡತಗಳನ್ನು ಬೇರೆ ಕಂಪ್ಯೂಟರುಗಳು ಜಾಲದ ಮೂಲಕ ತಮ್ಮವೇ ಎಂಬಂತೆ ತೆರೆದು ಓದಿ ಬರೆಯುವ ವ್ಯವಸ್ಥೆಯೇ ಎನ್‌ಎಫ್‌ಎಸ್. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆ 1984ರಲ್ಲಿ ಇದನ್ನು ರೂಪಿಸಿತು. ಕಡತಗಳನ್ನು ಇಟ್ಟುಕೊಂಡಿರುವುದು ಸರ್ವರ್, ಕೇಳುವುದು ಕ್ಲೈಂಟ್. ಈ ಹೆಸರಿನ ಕಡತ ಎಲ್ಲಿದೆ, ಅದರ ಗಾತ್ರವೆಷ್ಟು, ಇಷ್ಟು ಭಾಗ ಓದಿಕೊಡು, ಇಷ್ಟನ್ನು ಬರೆದಿಡು – ಹೀಗೆ ಪ್ರತಿಯೊಂದಕ್ಕೂ ಕ್ಲೈಂಟ್ ಒಂದು ಕರೆ ಕಳುಹಿಸುತ್ತದೆ. ಈ ಕರೆಗಳ ಎಣಿಕೆಯನ್ನು ಲಿನಕ್ಸ್ ತಾನಾಗಿಯೇ ಇಟ್ಟುಕೊಳ್ಳುತ್ತದೆ. ಎನ್‌ಎಫ್‌ಎಸ್‌ಸ್ಟ್ಯಾಟ್ ಅದನ್ನು ಪರದೆಗೆ ತರುತ್ತದೆ, ಅಷ್ಟೇ. ಮುಂದೆ ‘-ಸಿ’ ಎಂದು ಸೇರಿಸಿದರೆ ಕ್ಲೈಂಟಿನ ಲೆಕ್ಕ, ‘-ಎಸ್’ ಎಂದರೆ ಸರ್ವರಿನ ಲೆಕ್ಕ.

2009ರಲ್ಲಿ ನಾನು ಕೆಲಸದಲ್ಲಿದ್ದ ಪ್ರೌಢಶಾಲೆಯ ಕಂಪ್ಯೂಟರ್ ಕೊಠಡಿ ನನ್ನ ಉಸ್ತುವಾರಿಯಲ್ಲಿತ್ತು. ಮೂರು ಸಾಲುಗಳಲ್ಲಿ ಹನ್ನೆರಡು ಕಂಪ್ಯೂಟರುಗಳು. ಮಕ್ಕಳ ಕಡತಗಳೆಲ್ಲ ಮೂಲೆಯ ಒಂದೇ ಸರ್ವರಿನಲ್ಲಿ. ಕಿಟಕಿಯ ಕಡೆಯ ಸಾಲು ಆಗಾಗ ಮರಗಟ್ಟಿದಂತೆ ನಿಂತುಬಿಡುತ್ತಿತ್ತು. ಆ ಸಾಲಿನಲ್ಲಿ ಕೂರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನ ಬಳಿ ಒಂದು ಪೆನ್‌ಡ್ರೈವ್ ಸಿಕ್ಕಿತು, ಅದರಲ್ಲೊಂದು ಸಿನಿಮಾ. ಇಂಥವನ್ನು ಸರ್ವರಿಗೆ ತುಂಬುತ್ತಿರುವವನು ಇವನೇ, ನಿಧಾನಕ್ಕೆ ಇದೇ ಕಾರಣ ಎಂದು ತೀರ್ಮಾನಿಸಿದೆ. ಇಲ್ಲ ಸಾರ್ ಎಂದ; ನಂಬಲಿಲ್ಲ. ಹದಿನೈದು ದಿನ ಕೊಠಡಿಗೆ ಕಾಲಿಡಬಾರದೆಂದೆ. ತಂದೆಯನ್ನು ಕರೆಸಿದೆ. ಅವರು ಒಂದು ದಿನದ ಕೂಲಿ ಬಿಟ್ಟು ಬಂದು, ಬಾಗಿಲ ಬಳಿಯೇ ನಿಂತು, ನಾನು ಹೇಳಿದ್ದನ್ನೆಲ್ಲ ತಲೆತಗ್ಗಿಸಿ ಕೇಳಿಕೊಂಡು ಹೋದರು.

ಹುಡುಗ ಹೋದರೂ ನಿಧಾನ ಹೋಗಲಿಲ್ಲ. ಗಣಿತ ಕಲಿಸುವವನಿಗೆ ಅಷ್ಟೇ ಸಾಕಾಗಬೇಕಿತ್ತು. ನಾನಾದರೋ, ಅವನಿಗೆ ಇನ್ನೊಬ್ಬ ಜೊತೆಗಾರನಿರಬೇಕು ಎಂದುಕೊಂಡೆ!

ಆ ವಾರ ಬೆಂಗಳೂರಿನಿಂದ ಊರಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಶಾಲೆಗೂ ಬಂದ. ನನ್ನ ದೂರನ್ನೆಲ್ಲ ಕೇಳಿ, “ಸಾರ್, ಒಂದ್ಸಲ ನೋಡ್ಲಾ?” ಎಂದು ಕಿಟಕಿಯ ಸಾಲಿನಲ್ಲಿ ಕುಳಿತ. ಆದೇಶ ಟೈಪಿಸಿ, ‘ಕಾಲ್ಸ್’ ಮತ್ತು ‘ರೀಟ್ರಾನ್ಸ್’ ಎಂಬ ಎರಡು ಸಂಖ್ಯೆಗಳನ್ನು ಹಲಗೆಯ ಮೇಲೆ ಬರೆದ. ಮೊದಲನೆಯದು ಕಳುಹಿಸಿದ ಕರೆಗಳು, ಎರಡನೆಯದು ಉತ್ತರ ಬಾರದೆ ಮತ್ತೆ ಕಳುಹಿಸಿದವು. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಬರೆದು, ಕಳೆದ. ಈ ಎಣಿಕೆ ಯಂತ್ರ ಚಾಲೂ ಆದಂದಿನಿಂದ ಏರುತ್ತಲೇ ಇರುವಂಥದು, ಮನೆಯ ಕರೆಂಟ್ ಮೀಟರಿನ ಹಾಗೆ. ಒಂದು ದಿನದ ಓದಿನಿಂದ ಬಿಲ್ಲು ಬರೆಯಲಾಗದು. ಎರಡು ಓದುಗಳ ವ್ಯತ್ಯಾಸ ಬೇಕು. ವ್ಯತ್ಯಾಸ ಸುಮಾರು 4000 ಕರೆಗಳಿಗೆ 400 ಮರುಕರೆಗಳೆಂದು ಬಂತು. ಹತ್ತಕ್ಕೊಂದು! ಉಳಿದೆರಡು ಸಾಲುಗಳಲ್ಲಿ ಸೊನ್ನೆ. ಸರ್ವರ್ ಎಲ್ಲರಿಗೂ ಒಂದೇ. ದೋಷ ಅದರಲ್ಲಿದ್ದಿದ್ದರೆ ಮೂರು ಸಾಲುಗಳೂ ನರಳಬೇಕಿತ್ತು. ಹುಡುಕಿದಾಗ, ಆ ಸಾಲಿಗೆ ಹೋಗುವ ಕೇಬಲ್ ಬೀರುವಿನ ಕಾಲಿನಡಿ ಸಿಕ್ಕಿ ಜಜ್ಜಿಹೋಗಿತ್ತು.

ಸಿನಿಮಾದ ಆರೋಪ ಉಳಿಯಿತಲ್ಲ? ಅದನ್ನೂ ಅವನೇ ಬಿಡಿಸಿದ. ಯುಪಿಎಸ್ ಇದ್ದುದರಿಂದ ಸರ್ವರನ್ನು ತಿಂಗಳಿಗೂ ಮೇಲ್ಪಟ್ಟು ಆರಿಸಿರಲಿಲ್ಲ; ಹಾಗಾಗಿ ಆ ಲೆಕ್ಕದಲ್ಲಿ ಹುಡುಗ ಕೂರುತ್ತಿದ್ದ ದಿನಗಳೂ ಸೇರಿದ್ದವು. ಒಂದು ‘ರೈಟ್’ ಕರೆಗೆ ಹೆಚ್ಚೆಂದರೆ 32 ಕಿಲೋಬೈಟ್ ಹೋಗುವಂತೆ ಹೊಂದಿಸಿತ್ತು. 700 ಮೆಗಾಬೈಟಿನ ಸಿನಿಮಾಕ್ಕೆ ಕನಿಷ್ಠ 22,400 ಕರೆಗಳು ಬೇಕು. ಇಡೀ ಶಾಲೆಯ ಮಕ್ಕಳು ಸೇರಿ ಅಷ್ಟು ದಿನಗಳಲ್ಲಿ ಮಾಡಿದ್ದ ‘ರೈಟ್’ ಕರೆಗಳು 6000 ಕೂಡ ಇರಲಿಲ್ಲ. ಎಂಟನೆಯ ತರಗತಿಯ ಭಾಗಾಕಾರ. ನಾನೇ ಮಾಡಬಹುದಿತ್ತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ನಮ್ಮಲ್ಲಿ ಕರೆಗಳು ಯುಡಿಪಿ ಎಂಬ ಹಳೆಯ ಕ್ರಮದಲ್ಲಿ ಹೋಗುತ್ತಿದ್ದವು. ಇಂದು ಸಾಮಾನ್ಯವಾಗಿ ಟಿಸಿಪಿ. ಅದರಲ್ಲಿ ದಾರಿಯಲ್ಲಿ ಕಳೆದುಹೋದದ್ದನ್ನು ಟಿಸಿಪಿಯೇ ಕೆಳಹಂತದಲ್ಲಿ ಮತ್ತೆ ಕಳುಹಿಸಿಬಿಡುವುದರಿಂದ ಈ ‘ರೀಟ್ರಾನ್ಸ್’ ಬಹುಮಟ್ಟಿಗೆ ಸೊನ್ನೆಯಾಗಿಯೇ ಇರುತ್ತದೆ. ಅಲ್ಲಿ ಸೊನ್ನೆ ಕಂಡಮಾತ್ರಕ್ಕೆ ತಂತಿ ಚೆನ್ನಾಗಿದೆ ಎನ್ನುವಂತಿಲ್ಲ.

ಈ ಆದೇಶ ಯಾರ ಹೆಸರನ್ನೂ ಹೇಳುವುದಿಲ್ಲ. ಯಾವ ಕಡತವೆಂದೂ ಹೇಳುವುದಿಲ್ಲ. ಅದು ಕೊರತೆಯೆಂದು ನಿಮ್ಮಂಥ ಬಲ್ಲವರು ಹೇಳುತ್ತೀರಿ, ನಿಜವೇ ಇರಬಹುದು. ಆದರೆ ಮೇಷ್ಟ್ರುಗಳ ಕೈಗೆ ಮೊದಲು ಇಂಥದ್ದೇ ಸಾಧನ ಬರಬೇಕೆಂದು ನನ್ನ ಅಭಿಪ್ರಾಯ. ಪರದೆಯ ಮೇಲೆ ಹುಡುಗನ ಹೆಸರು ಮೂಡುವ ಸಾಧನವಿದ್ದಿದ್ದರೆ ಆ ದಿನ ನಾನು ಕೇಬಲ್ಲನ್ನು ಹುಡುಕುತ್ತಲೇ ಇರಲಿಲ್ಲ. ಶಾಲೆಗಳಲ್ಲಿ ಕಂಪ್ಯೂಟರ್ ಎಂದರೆ ಚಿತ್ರ ಬಿಡಿಸುವುದು, ಪತ್ರ ಟೈಪಿಸುವುದು ಎಂದೇ ಕಲಿಸುತ್ತ ಬಂದೆವು. ಯಂತ್ರ ತನ್ನ ಬಗ್ಗೆ ತಾನೇ ಬರೆದಿಟ್ಟುಕೊಂಡಿರುವ ಲೆಕ್ಕವನ್ನು ಓದಲು ಕಲಿಸಲಿಲ್ಲ, ನಾವೂ ಕಲಿಯಲಿಲ್ಲ.

ತರಗತಿಯ ಮುಂದೆ ಹುಡುಗನ ಕ್ಷಮೆ ಕೇಳಿದೆ. ಭಾನುವಾರ ಅವರ ಮನೆಗೂ ಹೋದೆ. “ಹೋಗ್ಲಿ ಬಿಡಿ ಸ್ವಾಮಿ” ಎಂದರು ತಂದೆ, ಚಹಾ ಕೊಟ್ಟರು. ಹುಡುಗ ಒಳಗಿನಿಂದ ಬರಲಿಲ್ಲ.

ಆಮೇಲೆ ಕೊಠಡಿಯ ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿದೆವು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಮಕ್ಕಳೇ ಎರಡೂ ಸಂಖ್ಯೆಗಳನ್ನು ಬರೆದು ಕಳೆಯುತ್ತಿದ್ದರು. ಅವನು ಅದರಲ್ಲಿ ಒಂದು ಸಲವೂ ಬರೆಯಲಿಲ್ಲ. ನಾನೂ ಒತ್ತಾಯಿಸಲಿಲ್ಲ.