ದಲಾಲಿ ಎಷ್ಟು? ಕೊಂಡವರು ಯಾರು?

ಮೊನ್ನೆ ಊರಿಗೆ ಹೋದಾಗ ದೊಡ್ಡಪ್ಪನ ಜೊತೆ ಕುಮಟಾ ಎಪಿಎಂಸಿಗೆ ಹೋಗಿದ್ದೆ. ಚಾಲಿ ಅಡಿಕೆ ಟೆಂಡರ್ ಮುಗಿಸಿ ಹೊನ್ನಾವರದ ಬಸ್ಸಿಗೆ ಕಾಯ್ತಾ ನಿಂತಾಗ ಕೇಳಿದರು: "ನಿಂದೂ ಎಂತದೋ ಮಾರಾಟಕ್ಕೆ ಇಟ್ಟಿದ್ಯಡ, ಎಷ್ಟು ಬತ್ತು?"

ನಂದು ಒಂದು ಸಣ್ಣ ಎಪಿಐ. ಪಿನ್‌ಕೋಡ್ ಕಳಿಸಿದರೆ ಊರಿನ ಹೆಸರನ್ನು ಕನ್ನಡದಲ್ಲಿ ಕೊಡತ್ತೆ. ಬೇರೆಯವರ ಸಾಫ್ಟ್‌ವೇರ್ ಅದನ್ನು ಕರೆದು ಬಳಸಿಕೊಳ್ಳತ್ತೆ, ಅಷ್ಟೇ. ಅದನ್ನು ಮಾರಲಿಕ್ಕೂ ಅಂತರ್ಜಾಲದಲ್ಲಿ ಮಂಡಿಗಳಿವೆ. ಕೀಲಿ ಕೊಡೋದು, ಕರೆ ಎಣಿಸೋದು, ದುಡ್ಡು ವಸೂಲಿ ಮಾಡೋದು ಎಲ್ಲಾ ಅವರೇ. ಕೆಲಸ ಮಾಡ್ತಾರೆ, ದಲಾಲಿ ತಗೊಳ್ಳಲಿ, ನನ್ನ ತಕರಾರಿಲ್ಲ.

ತಕರಾರು ಇರೋದು ಲೆಕ್ಕದಲ್ಲಿ. ಗಿರಾಕಿ ತಿಂಗಳಿಗೆ 10 ಡಾಲರ್ ಕೊಟ್ಟ, ದಲಾಲಿ ಶೇಕಡಾ 25 ಅಂತಿಟ್ಟುಕೊಳ್ಳಿ. ಎರಡೂವರೆ ಡಾಲರ್ ಹೋಯ್ತು. ಆದರೆ ಸರ್ವರ್ ಬಾಡಿಗೆ 3 ಡಾಲರ್ ಕಟ್ಟೋದು ನಾನು. ಉಳಿಯೋ 7ರಲ್ಲಿ ಎರಡೂವರೆ ಅಂದ್ರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು! ಬಾಡಿಗೆ 6 ಆದರೆ ಉಳಿಯೋ 4ರಲ್ಲೂ ಅದೇ ಎರಡೂವರೆ. ದಲಾಲಿ ಬೀಳೋದು ಮಾರಾಟದ ಮೇಲೆ, ಲಾಭದ ಮೇಲಲ್ಲ. ಮೇಲಿಂದ ಹಣ ರವಾನೆ ಶುಲ್ಕ, ಡಾಲರ್ ರೂಪಾಯಿ ಆಗುವಾಗಿನ ಕಡಿತ...

ಬೇರೆ ದಾರಿ ಇಲ್ವಾ? ಇದೆ. ಬೆಂಗಳೂರಿನ ನಮ್ಮ ಯಾತ್ರಿ ಆಟೊದವರಿಂದ ಕಮಿಷನ್ ತಗೊಳ್ಳದೆ 2023ರಲ್ಲಿ ದಿನಕ್ಕೆ 25 ರೂಪಾಯಿ ಶುಲ್ಕ ಇಟ್ಟಿತು. 2025ರಲ್ಲಿ ಉಬರ್ ಕೂಡ ಆಟೊಗಳ ಮಟ್ಟಿಗೆ ಕಮಿಷನ್ ಬಿಟ್ಟು ಶುಲ್ಕದ ದಾರಿಗೆ ಬಂತು. ಎಪಿಐ ಮಂಡಿಯೂ ಎಣಿಸಿದ ಕರೆಗೆ ಇಷ್ಟು ಪೈಸೆ ಅಂತ ತಗೊಳ್ಳಬಹುದಲ್ಲ?

ಇದನ್ನೆಲ್ಲಾ ಹೇಳಿದ ಮೇಲೆ ದೊಡ್ಡಪ್ಪ ಕೇಳಿದ್ದು ಒಂದೇ: "ಕೊಂಡವ ಯಾರು?"

ಗೊತ್ತಿಲ್ಲ. ನಾನಿರೋ ಮಂಡಿಯಲ್ಲಿ ಗಿರಾಕಿಯ ಮಿಂಚಂಚೆ ವಿಳಾಸ ನನಗೆ ಕಾಣಲ್ಲ.

"ಕೊಂಡವ ಯಾರು ಹೇಳೇ ಗೊತ್ತಿಲ್ಯ? ಇದೆಂತಾ ವ್ಯಾಪಾರನ ತಮಾ!"

ಚುರುಕ್ ಅಂತು. ಮಂಡಿಗಳೂ ಕೈ ಬದಲಾಯಿಸ್ತವೆ. ಈ ವ್ಯಾಪಾರದಲ್ಲಿ ದೊಡ್ಡ ಹೆಸರಾಗಿದ್ದ ರ‍್ಯಾಪಿಡ್‌ನ ತಂತ್ರಜ್ಞಾನವನ್ನೂ ತಂಡವನ್ನೂ 2024ರ ನವೆಂಬರಿನಲ್ಲಿ ನೋಕಿಯಾ ಕೊಂಡುಕೊಂಡಿತು. ನಾಳೆ ನನ್ನ ಮಂಡಿ ಬಾಗಿಲು ಹಾಕಿದರೆ ದಲಾಲಿ ಉಳಿಯತ್ತೆ ನಿಜ, ಗಿರಾಕಿಯೂ ಹೋಗ್ತಾನೆ.

ಭಟ್ಕಳದಲ್ಲೋ ಹೊನ್ನಾವರದಲ್ಲೋ ಮನೆಯಲ್ಲೇ ಕೂತು ಕೋಡ್ ಬರೆಯೋ ತಮ್ಮ ತಂಗಿಯರೇ, ಶೇಕಡಾ ಎಷ್ಟು ಅಂತ ಕೇಳಿ, ತಪ್ಪಿಲ್ಲ. ಅದಕ್ಕೂ ಮೊದಲು ಗಿರಾಕಿ ಯಾರವನು ಅಂತ ಕೇಳಿ. ಸ್ವಂತ ಪುಟದಲ್ಲೂ ಒಂದು ಅಂಗಡಿ ಇಟ್ಟುಕೊಳ್ಳಿ. ನಾನಂತೂ ಈ ವಾರ ಶುರು ಮಾಡ್ತಿದ್ದೇನೆ. ನೀವೇನಂತೀರಿ?